ನಮ್ಮ ಕೊಲ್ಲಿ, ಕಡಲಿನ ಕೊಲ್ಲಿ

(ಜಡಿಮಳೆಯ ಕಕ್ಕಡ ತಿಂಗಳ ಒಂದು ಸಂಜೆ ಮಡಿಕೇರಿಯಲ್ಲಿ ಓದುಗರ ಬಳಗವೊಂದರ ಮುಂದೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕರೆಂಟು ಹೋಗಿ ಬಂದಾಗ ಹೇಳಿದ್ದನ್ನೇ ಎರಡು ಸಲ ಹೇಳಿದ್ದೆ, ಒಂದನ್ನು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಸಂತೋಷ. ಹೆಂಚಿನ ಮೇಲೆ ಬೀಳುವ ಸದ್ದಿಗೆ ನನ್ನ ಮಾತು ಹಿಂದಿನ ಬೆಂಚಿಗೆ ಕೇಳದಿದ್ದರೆ ಕೈ ಎತ್ತಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವನು ನಾನು. ಯಾರಾದರೂ ಕೈ ಎತ್ತಿದರೆ ಈಗಲೂ ಖುಷಿಯಾಗುತ್ತದೆ.

ಸಣ್ಣ ದ್ವೀಪವೊಂದರ ದಂಡೆಗಳ ಬಗ್ಗೆ ಮಾತಾಡಲು ಒಪ್ಪಿಕೊಂಡಿದ್ದೇನೆ. ಇದಕ್ಕಿಂತ ಕೆಟ್ಟ ತಿಂಗಳು ಸಿಗಲಾರದು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟುಗಳು ಈಗ ದಡದಲ್ಲಿ ಮಲಗಿವೆ. ಮಳೆಗಾಲ ಮುಗಿಯುವವರೆಗೆ ಅತ್ತ ಯಾರನ್ನೂ ಬಿಡುವುದಿಲ್ಲ. ನಾವೂ ಮನೆಯೊಳಗೆ ಕೂತು ಮದ್ದು ಸೊಪ್ಪಿನ ಪಾಯಸ ಕುಡಿಯುವ ಕಾಲ ಇದು. ಹೋಗಲಿ, ಮಾತಿಗೆ ಬೋಟು ಬೇಡವಲ್ಲ.

ಕೊಲ್ಲಿ ಎಂಬ ಪದದಿಂದ ಶುರು ಮಾಡುತ್ತೇನೆ. ಪಾಠದ ಪುಸ್ತಕದಲ್ಲಿ ಕೊಲ್ಲಿ ಅಂದರೆ ಬಂಗಾಳ ಕೊಲ್ಲಿ. ಕಡಲು ನೆಲದೊಳಗೆ ನುಗ್ಗಿ ಕೂತ ಜಾಗ. ನಮ್ಮ ತೋಟದ ಕಡೆ ಕೊಲ್ಲಿ ಅಂದರೆ ಬೇರೆಯೇ. ಎರಡು ಗುಡ್ಡದ ಸಂದಿಯಲ್ಲಿ ಇಳಿಯುವ ಸಣ್ಣ ತೊರೆ, ಅದು ಕೊರೆದುಕೊಂಡ ಇಕ್ಕಟ್ಟು. ‘ಕೊಲ್ಲಿಯಲ್ಲಿ ಆನೆ ನಿಂತಿದೆ’ ಅಂದರೆ ನಮ್ಮವರು ತೋಟದ ಕೆಳಗಡೆ ನೋಡುತ್ತಾರೆ, ಬಂಗಾಳದ ಕಡೆ ಯಾರೂ ನೋಡುವುದಿಲ್ಲ. ನಾನು ಹೊಸದಾಗಿ ಮೇಷ್ಟ್ರಾಗಿದ್ದಾಗ ಒಬ್ಬ ಹುಡುಗ ಎದ್ದು ಕೇಳಿದ್ದ, ‘ಸಾರ್, ಬಂಗಾಳ ಕೊಲ್ಲಿಯಲ್ಲಿ ಕಲ್ಲೆತ್ತಿದರೆ ಏಡಿ ಸಿಗ್ತದಾ?’ ತರಗತಿ ನಕ್ಕಿತು. ನಾನೂ ನಕ್ಕೆ. ಈಗ ನಗಬಾರದಿತ್ತು ಅನ್ನಿಸುತ್ತದೆ. ಏಕೆಂದರೆ ದ್ವೀಪದಲ್ಲಿ ಮೊದಲ ಸಲ ಕಣ್ಣು ಬಿಟ್ಟು ನೋಡಿದಾಗ ನನಗೆ ಅರ್ಥವಾಗಿದ್ದು ಆ ಹುಡುಗನ ಕೊಲ್ಲಿಯ ಮೂಲಕವೇ. ಕಲ್ಲು ಎಲ್ಲಿ ಸೋಲುತ್ತದೋ ಅಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ನಮ್ಮಲ್ಲಿ ಗುಡ್ಡದಿಂದ ಹೊರಗೆ ಬರುತ್ತದೆ, ಅಲ್ಲಿ ಕಡಲಿನಿಂದ ಒಳಗೆ ಹೋಗುತ್ತದೆ. ಅಷ್ಟೇ ವ್ಯತ್ಯಾಸ.

ನಮಗೆ ಕಡಲು ದೂರ ಅಂತ ಒಂದು ಭಾವನೆ ಇದೆ, ಅಲ್ವಾ? ಕಾವೇರಿಯಿಂದ ಬಂದ ಭಾವನೆ ಅದು. ನಮ್ಮ ಹೊಳೆ ಸುಮಾರು 800 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿ ಸೇರುತ್ತದೆ. ಆದರೆ ತಲಕಾವೇರಿಯಿಂದ ನೇರ ಪಡುವಣಕ್ಕೆ ಗೆರೆ ಎಳೆದು ನೋಡಿ. ಅರಬ್ಬಿ ಸಮುದ್ರಕ್ಕೆ ಸುಮಾರು 50 ಕಿಲೋಮೀಟರ್ ಅಷ್ಟೇ. 1834ರವರೆಗೆ ಅಮರ ಸುಳ್ಯ, ಪುತ್ತೂರು ಸೀಮೆಗಳೂ ಕೊಡಗಿಗೇ ಸೇರಿದ್ದವು. ಬ್ರಿಟಿಷರು ಅದನ್ನು ಕಿತ್ತು ದಕ್ಷಿಣ ಕನ್ನಡಕ್ಕೆ ಸೇರಿಸಿದರು. ಇವತ್ತಿಗೂ ನಮ್ಮ ಶುಕ್ರವಾರದ ಸಂತೆಗೆ ಹೋದರೆ ಒಣಮೀನಿನ ವಾಸನೆ ಮೊದಲು ಸ್ವಾಗತ ಮಾಡುತ್ತದೆ. ಕಡಲು ನಮ್ಮ ಅಡುಗೆಮನೆಯವರೆಗೆ ಬಂದಿದೆ. ನಾವು ಅದರ ಮನೆಗೆ ಹೋಗುವುದು ಮಾತ್ರ ಕಮ್ಮಿ.

ಹೋದರೂ ಏನು ಮಾಡುತ್ತೇವೆ? ಪ್ಯಾಂಟು ಮಡಚಿ ನೀರಿಗಿಳಿದು, ಫೋಟೋ ತೆಗೆದು, ಚುರುಮುರಿ ತಿಂದು ವಾಪಸ್. ನಾನೂ ಹಾಗೇ ಮಾಡಿದವನು. ಸೇಂಟ್ ಮೇರೀಸ್‌ಗೆ ಮೊದಲು ಹೋಗಿದ್ದು ಶಾಲೆಯ ಪ್ರವಾಸದಲ್ಲಿ. ಅರವತ್ತು ಮಕ್ಕಳನ್ನು ಎಣಿಸುವುದರಲ್ಲೇ ಎರಡು ಗಂಟೆ ಹೋಯಿತು. ದ್ವೀಪ ನೋಡಲಿಲ್ಲ, ತಲೆ ನೋಡಿದೆ.

ಎರಡನೇ ಸಲ ಹೋಗಿದ್ದು ನಿವೃತ್ತಿ ಆದ ಮೇಲೆ, ನಮ್ಮ ಸುಗ್ಗಿ ಹಬ್ಬ ಹುತ್ತರಿಯ ಮಾರನೇ ದಿನ. ಮಗ, ಸೊಸೆ, ಎಂಟು ವರ್ಷದ ಮೊಮ್ಮಗ, ಹೆಂಡತಿ, ನಾನು. ಆ ದಿನವನ್ನು ಬೇಕೆಂದೇ ಆರಿಸಿಕೊಂಡಿದ್ದೆ. ಹುತ್ತರಿ ಬರುವುದು ಹುಣ್ಣಿಮೆಯ ಹೊತ್ತಿಗೆ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನ ಕಡಲು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ದಂಡೆ ನೋಡುವವನಿಗೆ ಇಳಿತ ಬೇಕು. ನೀರು ಹಿಂದೆ ಸರಿದಾಗಲೇ ಅದು ಏನು ಮಾಡಿದೆ ಅಂತ ಕಾಣುವುದು. ಪಂಚಾಂಗ ನೋಡಿ ಮದುವೆ ಮಾಡುತ್ತೇವೆ, ಪ್ರವಾಸಕ್ಕೂ ನೋಡಿದರೆ ತಪ್ಪೇನಿಲ್ಲ.

ಬೆಳಗಿನ ಜಾವ ಹೊರಟೆವು. ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು, ಮಂಗಳೂರು ದಾಟಿ ಮಲ್ಪೆಗೆ ಸುಮಾರು 200 ಕಿಲೋಮೀಟರ್. ಊಟದ ಹೊತ್ತಿಗೆ ತಲುಪಿದೆವು. ಮಲ್ಪೆ ಬಂದರಿನ ಬಗ್ಗೆ ಒಂದು ಇಡೀ ಸಂಜೆ ಮಾತಾಡಬಹುದು, ಇವತ್ತು ಬೇಡ. ದ್ವೀಪ ಅಲ್ಲಿಂದ ಸುಮಾರು 6 ಕಿಲೋಮೀಟರ್. ಬೋಟಿನಲ್ಲಿ ಅರ್ಧ ಗಂಟೆಯೊಳಗೆ ತಲುಪುತ್ತೀರಿ.

ದ್ವೀಪ ಅಂದರೆ ಒಂದಲ್ಲ. ದಡಕ್ಕೆ ಸಮನಾಗಿ ಉತ್ತರ-ದಕ್ಷಿಣವಾಗಿ ಬಿಡಿಬಿಡಿಯಾಗಿ ಬಿದ್ದ ಸಾಲು. ಅದರಲ್ಲಿ ದೊಡ್ಡವು ನಾಲ್ಕು. ಜನ ಹೋಗುವುದು ತೆಂಗಿನ ಮರಗಳಿರುವ ಒಂದಕ್ಕೆ. ಉದ್ದ ಸುಮಾರು 500 ಮೀಟರ್, ಅಗಲ ಸುಮಾರು 100 ಮೀಟರ್. ನಮ್ಮಲ್ಲಿ ಅದಕ್ಕಿಂತ ದೊಡ್ಡ ತೋಟ ಇರುವವರು ಈ ಸಭೆಯಲ್ಲೇ ಇದ್ದೀರಿ. ಕುಶಾಲನಗರದ ಹತ್ತಿರ ಕಾವೇರಿ ನಡುವೆ ಇರುವ ನಿಸರ್ಗಧಾಮವೇ 64 ಎಕರೆ. ಇದು ಅದರ ಕಾಲು ಭಾಗವೂ ಆಗಲಿಕ್ಕಿಲ್ಲ. ಮನೆ ಇಲ್ಲ, ರಾತ್ರಿ ಉಳಿಯುವಂತಿಲ್ಲ. ಅಲ್ಲಿಯ ಜನ ಇದಕ್ಕೆ ತೋನ್ಸೆಪಾರ್ ಅನ್ನುತ್ತಾರೆ. ಸೇಂಟ್ ಮೇರೀಸ್ ಎಂಬ ಹೆಸರಿಗೆ ವಾಸ್ಕೋ ಡ ಗಾಮ ಕಾರಣ. 1498ರಲ್ಲಿ ಇಲ್ಲಿ ಶಿಲುಬೆ ನೆಟ್ಟು ಮೇರಿಯ ಹೆಸರಿಟ್ಟ ಎನ್ನುತ್ತಾರೆ. ಶಿಲುಬೆ ನನಗಂತೂ ಕಾಣಲಿಲ್ಲ. ಗಾಮನ ಕಥೆ ಹೇಳಿಯೇ ಮುಗಿಸುವ ಗೈಡುಗಳ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಅವನು ಬಂದದ್ದು ಮೊನ್ನೆ ಮೊನ್ನೆ. ಆ ಕಲ್ಲಿನ ಕಥೆ ಕೇಳಬೇಕು.

ನಾವು ಹೋದ ದಿನ ದೊಡ್ಡ ಬೋಟು ಸ್ವಲ್ಪ ದೂರದಲ್ಲೇ ನಿಂತಿತು. ಅಲ್ಲಿಂದ ಸಣ್ಣ ದೋಣಿಗೆ ಹತ್ತಿಸಿ ದಡಕ್ಕೆ ಬಿಟ್ಟರು. ನಾನು ಇಳಿಯುತ್ತಾ ತೆಂಗಿನ ಮರ ನೋಡುತ್ತಿದ್ದೆ. ಬೋಟಿನವರು ಕೈ ಹಿಡಿದು, ‘ಮೇಲೆ ನೋಡಬೇಡಿ ಮಾರಾಯ್ರೆ, ಕಾಲಡಿ ನೋಡಿ, ಪಾಚಿ ಉಂಟು’ ಅಂದರು. ನಾನು ಇವತ್ತು ಹೇಳಬೇಕಾದ್ದೂ ಹೆಚ್ಚುಕಮ್ಮಿ ಅದೇ.

ಕಾಲಡಿ ಏನಿತ್ತು? ಕಂಬಗಳು. ಒಂದರ ಪಕ್ಕ ಒಂದು ಒತ್ತಿಕೊಂಡು ನಿಂತ ಕಲ್ಲಿನ ಕಂಬಗಳು. ಹೆಚ್ಚಿನವಕ್ಕೆ ಆರು ಮುಖ, ಕೆಲವಕ್ಕೆ ಐದು, ಅಪರೂಪಕ್ಕೆ ಏಳು. ಕೆಲವು ಆಳೆತ್ತರಕ್ಕಿಂತ ಎತ್ತರ, ಕೆಲವು ತುಂಡಾಗಿ ಮೆಟ್ಟಿಲ ಹಾಗೆ. ನನ್ನ ಹೆಂಡತಿ, ‘ಇದನ್ನು ಯಾರು ಕಡೆದರು?’ ಅಂದಳು. ಯಾರೂ ಅಲ್ಲ. ನಿಮ್ಮ ಗದ್ದೆ ಕಡೆದ ಹಾಗೇ ಇದೂ. ಮಾರ್ಚ್‌ನಲ್ಲಿ ನೀರು ಒಣಗಿದ ಗದ್ದೆ ನೋಡಿದ್ದೀರಲ್ಲ? ಕೆಸರು ಒಣಗಿ ಕುಗ್ಗುತ್ತದೆ. ಕುಗ್ಗಿದಾಗ ಬಿರುಕು ಬಿಡುತ್ತದೆ. ಬಿರುಕುಗಳು ಒಂದಕ್ಕೊಂದು ಸೇರಿ ಐದು ಮೂಲೆ, ಆರು ಮೂಲೆಯ ಹೆಂಟೆಗಳಾಗುತ್ತವೆ. ಇಲ್ಲಿ ಕೆಸರಿನ ಬದಲು ಲಾವಾ. ಒಣಗುವ ಬದಲು ತಣಿಯುವುದು. ಮೇಲಿಂದ ತಣಿಯುತ್ತಾ ಬಂದ ಹಾಗೆ ಬಿರುಕು ಆಳಕ್ಕೆ ಇಳಿಯುತ್ತದೆ, ಹೆಂಟೆ ಕಂಬವಾಗುತ್ತದೆ.

ಇದು ಆಗಿದ್ದು ಸುಮಾರು 8 ಕೋಟಿ 80 ಲಕ್ಷ ವರ್ಷದ ಹಿಂದೆ. ಆಗ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿದ್ದು ಬಿಟ್ಟುಹೋಗುತ್ತಿತ್ತು. ನೆಲ ಸೀಳಿದ ಕಡೆ ಕಾದ ಕಲ್ಲು ಉಕ್ಕಿತು. ದಖ್ಖನ್ನಿನ ಕಪ್ಪು ಕಲ್ಲು ಸುಮಾರು 6 ಕೋಟಿ 60 ಲಕ್ಷ ವರ್ಷದ್ದು, ಅಂದರೆ ಈ ದ್ವೀಪ ಅದಕ್ಕೂ ಹಳೆಯದು. ಜನ ಇದನ್ನು ಬಸಾಲ್ಟ್ ಅಂತಲೇ ಕರೆಯುತ್ತಾರೆ. ಪರೀಕ್ಷೆ ಮಾಡಿದವರು ಹೆಚ್ಚಿನದು ರಯೋಲೈಟ್, ಡೇಸೈಟ್ ಅನ್ನುತ್ತಾರೆ. ಅಂದರೆ ಮರಳಿನ ಅಂಶ, ಸಿಲಿಕಾ, ಜಾಸ್ತಿ ಇರುವ ಕಲ್ಲು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಇಷ್ಟು ಹೇಳಿದ ಮೇಲೆ ಊರಿನ ಅಭಿಮಾನವೂ ಸ್ವಲ್ಪ ಇರಲಿ. ನಮ್ಮ ಕೊಡಗಿನ ಕಲ್ಲುಗಳಲ್ಲಿ 300 ಕೋಟಿ ವರ್ಷ ದಾಟಿದವು ಇವೆ. ಅವುಗಳ ಮುಂದೆ ದ್ವೀಪ ನಿನ್ನೆ ಹುಟ್ಟಿದ ಕೂಸು.

ಈಗ ಕೊಲ್ಲಿಗೆ ಬರೋಣ. ಕಂಬಗಳ ನಡುವಿನ ಬಿರುಕೇ ಕಡಲಿಗೆ ಸಿಕ್ಕ ಬಾಗಿಲು. ತೆರೆ ಹೊಡೆದಾಗ ನೀರು ಬಿರುಕಿಗೆ ನುಗ್ಗುತ್ತದೆ, ಒಳಗಿನ ಗಾಳಿಯನ್ನು ಅದುಮುತ್ತದೆ. ವಾಪಸ್ ಹೋಗುವಾಗ ಸಡಿಲ ಮಾಡಿ ಹೋಗುತ್ತದೆ. ವರ್ಷಗಟ್ಟಲೆ ಹೀಗೆ ಆದ ಮೇಲೆ ಒಂದು ಕಂಬ ಉರುಳುತ್ತದೆ. ಅದರ ಪಕ್ಕದ್ದಕ್ಕೆ ಆಸರೆ ತಪ್ಪುತ್ತದೆ. ಕಟ್ಟಿದ ಸೌದೆಹೊರೆಯಿಂದ ಒಂದು ಕಟ್ಟಿಗೆ ಎಳೆದರೆ ಉಳಿದದ್ದು ಸಡಿಲವಾಗುತ್ತದಲ್ಲ, ಹಾಗೆ. ಕಲ್ಲಿನ ಗೋಡೆಯಲ್ಲಿ ಒಂದು ಸಂದಿ ಹುಟ್ಟುತ್ತದೆ. ಸಂದಿ ಅಗಲವಾಗಿ ಸಣ್ಣ ಕೊಲ್ಲಿ. ನಾನು ನೋಡಿದ ಒಂದು ಕೊಲ್ಲಿ ಈ ವೇದಿಕೆಯಷ್ಟೇ ಅಗಲ ಇತ್ತು. ಎರಡೂ ಕಡೆ ಕಂಬದ ಗೋಡೆ, ಮಧ್ಯೆ ನಾಲ್ಕು ಹೆಜ್ಜೆ ಮರಳು. ಉರುಳಿದ ಕಂಬಗಳ ತುಂಡುಗಳು ಬಾಯಲ್ಲಿ ಬಿದ್ದಿದ್ದವು, ಮೂಲೆ ಸವೆದು ಗುಂಡಗಾಗಿದ್ದವು.

ಆದರೆ ಕೊಲ್ಲಿಯಲ್ಲೇ ಮರಳು ಯಾಕೆ ಕೂರುತ್ತದೆ? ಕಡಲಿಗೆ ಚಾಚಿದ ಕಲ್ಲಿನ ಮೂಗಿನ ಮೇಲೆ ಯಾಕೆ ಕೂರುವುದಿಲ್ಲ? ಇದಕ್ಕೆ ಕೆಸರುಗದ್ದೆ ಓಟ ನೆನಪು ಮಾಡಿಕೊಳ್ಳಿ. ಹತ್ತು ಜನ ಕೈ ಕೈ ಹಿಡಿದು ಒಂದೇ ಸಾಲಿನಲ್ಲಿ ಓಡಿ ಬರುತ್ತಿದ್ದಾರೆ ಅಂದುಕೊಳ್ಳಿ. ಬಲಗಡೆಯವರ ಕಾಲಿಗೆ ಕೆಸರು ಸಿಕ್ಕಿತು, ಎಡಗಡೆಯವರು ಇನ್ನೂ ಗಟ್ಟಿ ನೆಲದಲ್ಲಿದ್ದಾರೆ. ಸಾಲು ಏನಾಗುತ್ತದೆ? ಬಲಕ್ಕೆ ತಿರುಗುತ್ತದೆ. ತೆರೆಯೂ ಹಾಗೇ. ಆಳ ಕಮ್ಮಿ ಇರುವ ಕಡೆ ಅದರ ವೇಗ ಕಮ್ಮಿಯಾಗುತ್ತದೆ. ಚಾಚಿದ ಕಲ್ಲಿನ ಮುಂದೆ ಆಳ ಕಮ್ಮಿ. ಅದಕ್ಕೇ ಎಡಬಲದ ತೆರೆಗಳು ಬಾಗಿ ಆ ಮೂಗಿಗೇ ಬಡಿಯುತ್ತವೆ. ಕೊಲ್ಲಿಯೊಳಗೆ ಬರುವ ತೆರೆ ಹರಡಿಕೊಂಡು ಸುಸ್ತಾಗಿರುತ್ತದೆ. ಹೊತ್ತು ತಂದದ್ದನ್ನು ಅಲ್ಲೇ ಇಳಿಸುತ್ತದೆ. ನಮ್ಮ ಹೊಳೆಯ ತಿರುವಿನಲ್ಲಿ ಒಂದು ಕಡೆ ಕೊರೆತ, ಇನ್ನೊಂದು ಕಡೆ ಮರಳು ದಿಬ್ಬ ಇರುತ್ತದಲ್ಲ, ಅಲ್ಲೂ ಇದೇ ಲೆಕ್ಕ. ನೀರಿಗೆ ಜೋರಿದ್ದ ಕಡೆ ತೆಗೆಯುತ್ತದೆ, ಸುಸ್ತಾದ ಕಡೆ ಇಡುತ್ತದೆ.

ಹಾಗಾಗಿ ಐನೂರು ಮೀಟರಿನ ದ್ವೀಪದಲ್ಲೂ ದಂಡೆ ಎಲ್ಲಾ ಕಡೆ ಒಂದೇ ಅಲ್ಲ. ನಾವು ಇಳಿದ ಕಡೆ ನುಣ್ಣನೆಯ ಮರಳು. ತೆಂಗಿನ ನೆರಳು ದಾಟಿ ಪಡುವಣಕ್ಕೆ ಹೋದರೆ ಕಾಲಡಿ ಸದ್ದು ಬದಲಾಗುತ್ತದೆ. ಚರ್ ಚರ್ ಅನ್ನುತ್ತದೆ. ಬಗ್ಗಿ ನೋಡಿದರೆ ಮರಳೇ ಅಲ್ಲ, ಚಿಪ್ಪು. ಶಂಖದ ಮರಿಗಳು, ಮರುವಾಯಿಯ ಬಿಡಿ ಚಿಪ್ಪು, ಗುಂಡಿಯಷ್ಟು ಸಣ್ಣವು, ಉಗುರಿನ ಬಣ್ಣದವು, ಮುರಿದವು, ಸವೆದವು. ತೆರೆದ ಕಡಲಿನ ತೆರೆ ಹಗುರವಾದ ಪುಡಿಯನ್ನು ವಾಪಸ್ ಎಳೆದುಕೊಂಡು ಹೋಗುತ್ತದೆ. ದಪ್ಪದ್ದು ಉಳಿಯುತ್ತದೆ. ಅಕ್ಕಿ ಕೇರುವಾಗ ಮೊರ ಮಾಡುವ ಕೆಲಸ.

ಇಲ್ಲಿ ನನ್ನ ಒಂದು ಅವಮಾನದ ಕಥೆ ಹೇಳಿಬಿಡುತ್ತೇನೆ. ಶಾಲೆ ಪ್ರವಾಸ ಅಂದೆನಲ್ಲ, ಆಗ ನಾನೂ ಒಂದು ಪ್ಲಾಸ್ಟಿಕ್ ಕವರಿನ ತುಂಬ ಚಿಪ್ಪು ತುಂಬಿಕೊಂಡಿದ್ದೆ. ಮೇಷ್ಟ್ರು ತುಂಬಿಕೊಂಡರೆ ಮಕ್ಕಳು ಬಿಡುತ್ತಾರಾ? ಬಸ್ಸು ಸಂಪಾಜೆ ಘಾಟಿ ಹತ್ತುವ ಹೊತ್ತಿಗೆ ಒಳಗೆ ಒಂದು ವಾಸನೆ. ಡ್ರೈವರ್ ಇಲಿ ಸತ್ತಿದೆ ಅಂದರು. ಬಸ್ಸು ನಿಲ್ಲಿಸಿ ಸೀಟಿನಡಿ ಹುಡುಕಿದೆವು. ಇಲಿ ಸಿಗಲಿಲ್ಲ. ಮನೆಗೆ ಬಂದು ಕವರು ಬಿಚ್ಚಿದೆ. ಶಂಖದೊಳಗೆ ಸನ್ಯಾಸಿ ಏಡಿಗಳಿದ್ದವು. ಅವಕ್ಕೆ ಸ್ವಂತ ಚಿಪ್ಪು ಇಲ್ಲ. ಸತ್ತ ಹುಳದ ಖಾಲಿ ಶಂಖದಲ್ಲಿ ಬಾಡಿಗೆಗೆ ಇರುತ್ತವೆ. ಬೆಳೆದ ಹಾಗೆ ದೊಡ್ಡ ಮನೆ ಹುಡುಕುತ್ತವೆ. ನಾನು ಖಾಲಿ ಅಂದುಕೊಂಡು ಆರಿಸಿದ ಮನೆಗಳಲ್ಲಿ ಒಕ್ಕಲಿತ್ತು. ಏಳೋ ಎಂಟೋ ಸತ್ತಿದ್ದವು. ಒಂದು ಇನ್ನೂ ಕಾಲು ಆಡಿಸುತ್ತಿತ್ತು. ಉಪ್ಪುನೀರು ಮಾಡಿ ಬಕೆಟಿನಲ್ಲಿ ಬಿಟ್ಟೆ. ಬೆಳಿಗ್ಗೆಗೆ ಅದೂ ಇರಲಿಲ್ಲ.

ಆಮೇಲೆ ನಾನು ಚಿಪ್ಪು ತಂದಿಲ್ಲ. ನೀವೂ ತರಬೇಡಿ. ಖಾಲಿ ಶಂಖ ಅಂದರೆ ಅಲ್ಲಿ ಯಾರಿಗೋ ಮುಂದಿನ ವರ್ಷದ ಮನೆ. ಅಲ್ಲದೆ ಆ ದಂಡೆಯೇ ಚಿಪ್ಪಿನದು. ದಿನಕ್ಕೆ ಸಾವಿರ ಜನ ಒಂದೊಂದು ಹಿಡಿ ತಂದರೆ ಲೆಕ್ಕ ನೀವೇ ಹಾಕಿ.

ಹಿಡಿ ಅಂದಾಗ ನೆನಪಾಯಿತು. ನನ್ನ ಮುಂದೆ ಮೇಜಿನ ಮೇಲೆ ಎರಡು ಸ್ಟೀಲ್ ತಟ್ಟೆ ಇವೆ. ಒಂದರಲ್ಲಿರುವುದು ಕುಶಾಲನಗರದ ಕಡೆಯ ಕಾವೇರಿ ಮರಳು. ಇನ್ನೊಂದರಲ್ಲಿ ಅರ್ಧ ಚಮಚದಷ್ಟು ದ್ವೀಪದ ಮರಳು. ಈಗ ತಾನೇ ಏನೂ ತರಬೇಡಿ ಅಂದಿರಿ ಅಂತ ಕೇಳಬೇಡಿ. ಇದು ಮೊಮ್ಮಗನ ಚಡ್ಡಿ ಜೇಬಿನಲ್ಲಿ ತಾನಾಗಿ ಬಂದಿದ್ದು. ಒಗೆಯಲು ಹಾಕುವಾಗ ಸೊಸೆಗೆ ಸಿಕ್ಕಿತು. ಬಾಟಲಿಯಲ್ಲಿರುವುದು ಕಾಚಂಪುಳಿ, ನಮ್ಮ ಕಪ್ಪು ಹುಳಿ. ಪಂದಿಕರಿಗೆ ಹಾಕುವುದೇ. ಕಪ್ಪು ಜಾಸ್ತಿ ಅಂತ ಸ್ವಲ್ಪ ನೀರು ಬೆರೆಸಿದ್ದೇನೆ.

(ಇಲ್ಲಿ ಮುಂದಿನ ಸಾಲಿನವರನ್ನು ಮೇಜಿನ ಹತ್ತಿರ ಕರೆದೆ. ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ಕಾವೇರಿ ಮರಳಿನ ಮೇಲೆ ನಾಲ್ಕು ಹನಿ ಬಿಟ್ಟಾಗ ಅದು ಸುಮ್ನೆ ಒದ್ದೆಯಾಯಿತು, ಅಷ್ಟೇ. ದ್ವೀಪದ ಮರಳಿನ ಮೇಲೆ ಬಿಟ್ಟಾಗ ಕಣಗಳ ಸುತ್ತ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದವು. ಒಂದಕ್ಕೊಂದು ಅಂಟಿ, ಒಡೆದು, ಮತ್ತೆ ಎದ್ದವು. ‘ಕುದಿಯುತ್ತಿದೆ’ ಅಂದ ಒಬ್ಬ ಹುಡುಗ. ಹಿಂದಿನಿಂದ ಒಬ್ಬ ಅಜ್ಜಿ, ‘ಅಷ್ಟು ಒಳ್ಳೆ ಕಾಚಂಪುಳಿ ದಂಡ ಮಾಡಿದ್ರಲ್ಲ ಮೇಷ್ಟ್ರೆ’ ಅಂದರು. ಎಲ್ಲರೂ ನಕ್ಕರು.)

ಕುದಿಯುವುದಲ್ಲ. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟ್, ನಮ್ಮ ಹಳೆಯ ಸುಣ್ಣದ ಗೂಡಿಗೆ ಹಾಕುತ್ತಿದ್ದುದೇ. ಹುಳಿ ತಾಗಿದರೆ ಕರಗಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಸೋಡಾದ ಗುಳ್ಳೆಯೂ ಅದೇ ಗಾಳಿ. ಕಾವೇರಿ ಮರಳು ಹೆಚ್ಚಿನದು ಸ್ಫಟಿಕ ಕಲ್ಲಿನ ಪುಡಿ. ಅದಕ್ಕೆ ಕಾಚಂಪುಳಿಯ ಹೆದರಿಕೆ ಇಲ್ಲ. ಮನೆಯಲ್ಲಿ ನೋಡಬೇಕಾದರೆ ಮೊಟ್ಟೆ ಚಿಪ್ಪು ಪುಡಿ ಮಾಡಿ ನಿಂಬೆರಸ ಹಾಕಿ, ಸಾಕು.

ಈ ಗುಳ್ಳೆ ಯಾಕೆ ತೋರಿಸಿದೆ? ನನ್ನ ಮಾತಿನ ತಿರುಳು ಇದರಲ್ಲಿದೆ. ಮಲ್ಪೆಯ ಬೀಚಿನ ಮರಳೂ ಈ ಚಿಪ್ಪಿನ ದಂಡೆಯೂ ಎದುರುಬದುರು ಇವೆ, 6 ಕಿಲೋಮೀಟರ್ ಅಂತರ. ಆದರೆ ಹುಟ್ಟು ಬೇರೆ. ದಡದ ಮರಳನ್ನು ಬಹುಪಾಲು ಹೊಳೆಗಳು ಘಟ್ಟದಿಂದ ಹೊತ್ತು ತಂದಿವೆ. ದ್ವೀಪಕ್ಕೆ ಹೊಳೆ ಇಲ್ಲ. ಅದಕ್ಕೆ ಮರಳು ಕೊಡುವವರು ಇಬ್ಬರೇ. ಒಂದು ಅದರದ್ದೇ ಕಲ್ಲು. ಇನ್ನೊಂದು ಸುತ್ತಲ ನೀರಿನಲ್ಲಿ ಬದುಕಿ ಸತ್ತ ಜೀವಗಳು. ಹಾಗಾಗಿ ಸಣ್ಣ ದ್ವೀಪದ ದಂಡೆ ಅಂದರೆ ಅಲ್ಲಿಯ ಕಡಲಿನ ಜಾತಕ. ಅಂಡಮಾನ್, ಲಕ್ಷದ್ವೀಪಗಳ ಬಿಳಿ ಮರಳೂ ಹೀಗೇ, ಅಲ್ಲಿ ಚಿಪ್ಪಿನ ಜೊತೆ ಹವಳ. ಅಲ್ಲಿ ಗಿಣಿಮೀನು ಅಂತ ಒಂದಿದೆ. ಗಿಣಿ ಕೊಕ್ಕಿನಂಥ ಹಲ್ಲಿನಿಂದ ಹವಳದ ಕಲ್ಲನ್ನೇ ಕಚ್ಚಿ ಅರೆದು ನುಂಗುತ್ತದೆ. ಬೇಕಾದ್ದು ದಕ್ಕಿಸಿಕೊಂಡು ಉಳಿದ ಪುಡಿಯನ್ನು ಹಿಂದಿನಿಂದ ಬಿಡುತ್ತದೆ. ಜಾಹೀರಾತಿನಲ್ಲಿ ಜನ ಮೈ ಚಾಚಿ ಮಲಗುವ ಬಿಳಿ ಮರಳಿನಲ್ಲಿ ಒಂದು ಪಾಲು ಅದು. ಊಟಕ್ಕೆ ಮೊದಲು ಹೇಳಬಾರದಿತ್ತೇನೋ.

ಇನ್ನು ಇಳಿತದ ಕಥೆ. ಮಧ್ಯಾಹ್ನ ತಿರುಗಿದ ಮೇಲೆ ನೀರು ಇಳಿಯುತ್ತಿತ್ತು. ಕೊನೆಯ ಬೋಟಿಗೆ ಒಂದು ಗಂಟೆ ಬಾಕಿ. ಕಂಬಗಳ ತಲೆಯ ಮೇಲೆ ತಗ್ಗುಗಳಿವೆ, ಬಟ್ಟಲಿನ ಹಾಗೆ. ಕಡಲು ಇಳಿದಾಗ ಅವುಗಳಲ್ಲಿ ನೀರು ನಿಲ್ಲುತ್ತದೆ. ಒಂದು ಬಟ್ಟಲಿನ ಮುಂದೆ ಮೊಮ್ಮಗನೂ ನಾನೂ ಕುಕ್ಕುರುಗಾಲಲ್ಲಿ ಕೂತೆವು. ಮೊದಲ ಎರಡು ನಿಮಿಷ ಏನೂ ಇರಲಿಲ್ಲ. ‘ಅಜ್ಜ, ಖಾಲಿ’ ಅಂದ. ಸುಮ್ನೆ ಕೂರು ಅಂದೆ. ಆಮೇಲೆ ಒಂದು ಶಂಖ ನಡೆಯಿತು. ಕಲ್ಲಿನ ಬಣ್ಣದ ಕಿರುಬೆರಳಿನಷ್ಟು ಮೀನು ಒಂದು ಬಿರುಕಿನಿಂದ ಇನ್ನೊಂದಕ್ಕೆ ಜಾರಿತು. ಅಂಚಿನಲ್ಲಿ ಟೋಪಿಯಂಥ ಚಿಪ್ಪಿನ ಹುಳಗಳು ಕಲ್ಲಿಗೆ ಅಂಟಿ ಕೂತಿದ್ದವು. ಮುಟ್ಟಿದರೆ ಇನ್ನೂ ಬಿಗಿಯಾಗುತ್ತವೆ. ಹುಡುಗ ಉಗುರು ಹಾಕಿ ನೋಡಿದ, ಅಲ್ಲಾಡಲಿಲ್ಲ. ನೀರು ಹೋದಾಗ ಒಣಗದಿರಲು ಅವು ಮಾಡುವ ಉಪಾಯ ಅದು. ಚಿಪ್ಪಿನ ಕೆಳಗೆ ನಾಲ್ಕು ಹನಿ ನೀರು ಹಿಡಿದಿಟ್ಟುಕೊಂಡು ಬಾಗಿಲು ಹಾಕಿ ಕೂತುಬಿಡುವುದು.

ಆ ಕಲ್ಲಿನಲ್ಲಿ ಇನ್ನೊಂದು ಕಂಡೆ. ಕೆಳಗಿನಿಂದ ಮೇಲಕ್ಕೆ ಪಟ್ಟಿ ಪಟ್ಟಿಯಾಗಿ ಜೀವಗಳು. ಕೆಳಗೆ ಹಸಿರು, ಕಂದು ಪಾಚಿ. ಅದರ ಮೇಲೆ ನೀಲಿಕಲ್ಲು, ಅಂದರೆ ನಮ್ಮಲ್ಲಿ ಕೇರಳದ ಹೋಟೆಲಿನವರು ಕಲ್ಲುಮ್ಮಕಾಯ ಅಂತ ಹುರಿದು ಕೊಡುತ್ತಾರಲ್ಲ, ಅದು. ಅದರ ಮೇಲೆ ಬಿಳಿ ಗುಳ್ಳೆಗಳ ಹಾಗೆ ಒರಟು ಬಾರ್ನಕಲ್. ತೀರಾ ಮೇಲೆ ಬರೀ ಪುಟ್ಟ ಶಂಖಗಳು. ಹೆಚ್ಚು ಹೊತ್ತು ಒಣಗಿರಬಲ್ಲವು ಮೇಲೆ, ತಡೆಯದವು ಕೆಳಗೆ. ನಮ್ಮಲ್ಲಿ ಕೆಳಗೆ ಗದ್ದೆ, ಇಳಿಜಾರಿನಲ್ಲಿ ಕಾಫಿ, ಮೇಲೆ ಏಲಕ್ಕಿ ಕಾಡು, ತುದಿಯಲ್ಲಿ ಹುಲ್ಲು. ನಮ್ಮ ತಡಿಯಂಡಮೋಳು ಬೆಟ್ಟ 1,748 ಮೀಟರ್ ಎತ್ತರದಲ್ಲಿ ಮಾಡುವುದನ್ನು ಆ ಕಲ್ಲು ಆಳೆತ್ತರದಲ್ಲಿ ಮಾಡಿ ಮುಗಿಸಿತ್ತು. ಹುಡುಗನಿಗೆ ಇದು ತಟ್ಟನೆ ಅರ್ಥವಾಯಿತು. ‘ಹಾಗಾದ್ರೆ ನಮ್ಮನೆ ಈ ಬಾರ್ನಕಲ್ ಹತ್ರ’ ಅಂದ.

ಅಪಾಯದ ಬಗ್ಗೆ ಒಂದು ಮಾತು. ಇದನ್ನು ಬೇಗ ಹೇಳುತ್ತೇನೆ, ಆದರೆ ಮರೆಯಬೇಡಿ. 2022ರ ಏಪ್ರಿಲ್‌ನಲ್ಲಿ ಇದೇ ದ್ವೀಪದಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ವಿದ್ಯಾರ್ಥಿಗಳು ನೀರುಪಾಲಾದರು. ಆ ಕೊಲ್ಲಿಗಳು ಕಣ್ಣಿಗೆ ಕೆರೆಯ ಹಾಗೆ ಕಾಣುತ್ತವೆ. ಆದರೆ ಕಂಬದ ಕಲ್ಲಿಗೆ ಇಳಿಜಾರಿಲ್ಲ. ಮೆಟ್ಟಿಲು ಮುಗಿದ ಕಡೆ ಒಂದೇ ಸಲ ಆಳ. ಮೇಲೆ ಪಾಚಿ. ತೆರೆ ವಾಪಸ್ ಎಳೆಯುವಾಗ ಹಿಡಿದುಕೊಳ್ಳಲು ಏನೂ ಸಿಗದು. ನಾವು ಹೊಳೆಯಲ್ಲಿ ಈಜು ಕಲಿತವರು. ಹೊಳೆ ಒಂದೇ ಕಡೆಗೆ ಎಳೆಯುತ್ತದೆ, ಅದು ನಮಗೆ ಗೊತ್ತು. ಕಡಲು ಎರಡೂ ಕಡೆಗೆ ಎಳೆಯುತ್ತದೆ. ನೋಡಲು ಹೋಗಿ, ಈಜಲು ಹೋಗಬೇಡಿ. ಗುರುತು ಹಾಕಿದ ಜಾಗ ಬಿಟ್ಟು ಇಳಿಯಬೇಡಿ. ಅಲ್ಲಿಯ ಕಾವಲಿನವರು ಸೀಟಿ ಊದಿದರೆ ಜಗಳಕ್ಕೆ ನಿಲ್ಲಬೇಡಿ.

ಕೊನೆಗೆ ನಮ್ಮ ಹೊಳೆಗಳು. ಕೊಡಗಿನ ನೀರೆಲ್ಲ ಕಾವೇರಿಗೆ ಅಂತ ಮಕ್ಕಳಿಗೆ ನಾನೇ ಹೇಳಿಕೊಟ್ಟಿದ್ದೆ. ಅದು ಪೂರ್ತಿ ನಿಜ ಅಲ್ಲ. ಸೋಮವಾರಪೇಟೆ ಕಡೆಯವರು ಮಲ್ಲಳ್ಳಿ ಜಲಪಾತ ನೋಡಿದ್ದೀರಿ. ಅದು ಪುಷ್ಪಗಿರಿ ಬೆಟ್ಟದಿಂದ ಇಳಿಯುವ ಕುಮಾರಧಾರಾ. ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ, ಮಂಗಳೂರಿನ ಹತ್ತಿರ ಕಡಲಿಗೆ ಹೋಗುತ್ತದೆ. ದಕ್ಷಿಣದ ಬಾರಪೊಳೆ ಕೇರಳಕ್ಕೆ ಇಳಿದು ವಳಪಟ್ಟಣಂ ಹೊಳೆ ಸೇರುತ್ತದೆ. ಸಂಪಾಜೆ ಕಡೆಯ ಪಯಸ್ವಿನಿ ಸುಳ್ಯ ದಾಟಿ ಚಂದ್ರಗಿರಿಯಾಗಿ ಕಾಸರಗೋಡಿನಲ್ಲಿ ಕಡಲು ಕಾಣುತ್ತದೆ. ಉಳ್ಳಾಲದ ದಂಡೆಯಲ್ಲಿ ಒಂದು ಹಿಡಿ ಮರಳೆತ್ತಿದರೆ ಅದರಲ್ಲಿ ಪುಷ್ಪಗಿರಿಯ ಒಂದು ಕಣವಾದರೂ ಇದ್ದೀತು. ಕಪ್ಪು ಗೆರೆಗಳು ಕಂಡರೆ ನಿಂತು ನೋಡಿ. ನಮ್ಮ ಕೊಲ್ಲಿಗಳ ತಿರುವಿನಲ್ಲೂ ಮಳೆ ಬಿಟ್ಟ ಮೇಲೆ ಅಂಥದೇ ಕಪ್ಪು ಗೆರೆ ಬಿದ್ದಿರುತ್ತದೆ. ಭಾರದ ಖನಿಜ ಅದು. ನೀರು ಹಗುರವಾದದ್ದನ್ನು ಒಯ್ದು ಇದನ್ನು ಬಿಟ್ಟಿರುತ್ತದೆ. ಮತ್ತೆ ಮೊರದ ಕೆಲಸ.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ.

(ಮೂರು ಪ್ರಶ್ನೆ ಬಂದವು. ಮೊದಲನೆಯದು ಬೋಟಿನ ದರದ ಬಗ್ಗೆ. ವರ್ಷ ವರ್ಷ ಬದಲಾಗುತ್ತದೆ, ಹೋಗುವ ಮುಂಚೆ ವಿಚಾರಿಸಿ ಅಂದೆ. ಎರಡನೆಯದು ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪ ಹೇಗೆ ಎಂದು. ಅದು ನೀರೊಳಗೆ ಮುಳುಗಿ ನೋಡುವವರ ಜಾಗ. ನನ್ನ ಮಂಡಿಗೆ ಆಗದು, ಮಗ ಹೋಗಿ ಬಂದಿದ್ದಾನೆ ಅಂದೆ. ಮೂರನೆಯದನ್ನು ಮಾತ್ರ ಪೂರ್ತಿ ಬರೆಯುತ್ತೇನೆ.)

ಹಿಂದಿನ ಬೆಂಚಿನಿಂದ ಆ ಅಜ್ಜಿಯೇ ಕೈ ಎತ್ತಿದರು, ಕಾಚಂಪುಳಿಯ ಅಜ್ಜಿ. ಎದ್ದು ನಿಂತು ಸೆರಗು ಸರಿ ಮಾಡಿಕೊಂಡರು. ‘ನಮ್ಮದು ಜೋಡುಪಾಲದ ಕಡೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಬಂತಲ್ಲ ಮೇಷ್ಟ್ರೆ. ಅರ್ಧ ತೋಟ ಹೋಯ್ತು. ಅಡಿಕೆ, ಮೆಣಸಿನ ಬಳ್ಳಿ, ಎಲ್ಲಾ. ಅದು ಹೊಳೆಗೇ ಹೋಗಿದ್ದು. ನೀವು ಹೇಳಿದ ಲೆಕ್ಕದಲ್ಲಿ ಅದೀಗ ಎಲ್ಲಿರಬಹುದು?’

ಸಭೆ ಸುಮ್ಮನಾಯಿತು. ಇದಕ್ಕೆ ನಾನು ತಯಾರಾಗಿರಲಿಲ್ಲ. ಗೊತ್ತಿದ್ದಷ್ಟು ಹೇಳಿದೆ. ದೊಡ್ಡ ಬಂಡೆಗಳು ಎಲ್ಲೂ ಹೋಗಿಲ್ಲ, ಅಲ್ಲೇ ಕೊಲ್ಲಿಯಲ್ಲಿ, ಹೊಳೆಯ ಮೇಲ್ಭಾಗದಲ್ಲಿ ಇವೆ. ಜಲ್ಲಿ, ದಪ್ಪ ಮರಳು ಪಯಸ್ವಿನಿಯ ತಿರುವುಗಳಲ್ಲಿ ನಿಂತು ನಿಂತು ಹೋಗುತ್ತಿರುತ್ತದೆ, ಪ್ರತಿ ಮಳೆಗಾಲಕ್ಕೆ ಒಂದಿಷ್ಟು ದೂರ. ಕೆಂಪು ಮಣ್ಣು, ತೋಟದ ಮೇಲ್ಮಣ್ಣು, ಅದು ನುಣುಪು, ಹಗುರ. ಹೆಚ್ಚಿನ ಪಾಲು ಆಗಲೇ ಕಾಸರಗೋಡಿನ ಅಳಿವೆ ದಾಟಿ ಕಡಲಿಗೆ ಹೋಗಿರಬೇಕು.

‘ಅಂದ್ರೆ ಮರಳು ಇನ್ನೂ ದಾರಿಯಲ್ಲಿದೆ’ ಅಂದರು.

ಹೌದು ಅಂದೆ.

‘ಅಲ್ಲಿಗೆ ಹೋಗೋದು ಹೇಗೆ?’

ಸುಳ್ಯಕ್ಕೆ ಹೋಗಿ, ಅಲ್ಲಿ ಕಾಸರಗೋಡಿನ ಬಸ್ಸು ಹತ್ತಬೇಕು. ಚಂದ್ರಗಿರಿ ಹೊಳೆ ಎಲ್ಲಿ ಕಡಲು ಸೇರುತ್ತದೆ ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ ಅಂದೆ. ಅವರು ಪಕ್ಕದಲ್ಲಿದ್ದ ಮೊಮ್ಮಗಳ ಕೈಯಲ್ಲಿ ಬಸ್ಸಿನ ವಿವರ ಬರೆಸಿಕೊಂಡರು. ಮಳೆ ಬಿಡಲಿ, ಹೋಗಿ ಬರುತ್ತೇವೆ ಅಂದರು. ಇಳಿತದ ಹೊತ್ತು ಯಾವುದು ಅಂತ ಪಂಚಾಂಗ ನೋಡಿ ಫೋನ್ ಮಾಡುತ್ತೇನೆ ಅಂತ ನಾನು ಒಪ್ಪಿಕೊಂಡಿದ್ದೇನೆ.